ಸೊನ್ನೆ ಬಂದರೆ ಫಸ್ಟ್ ಕ್ಲಾಸು

ಬೆಂಗಳೂರಿನ ಪಾರ್ಕುಗಳಲ್ಲಿ ಬೆಳಗಿನ ಮಾತಿಗೆ ಹೊಸ ವಸ್ತು ಸಿಕ್ಕಿದೆ. ಒಂದು ಕಾಲಕ್ಕೆ ಸೈಟಿನ ರೇಟು ಇತ್ತು. ಆಮೇಲೆ ಮಗನ ಎಚ್‌-1ಬಿ ವೀಸಾ ಬಂತು. ನಡುವೆ ಮಂಡಿ ಬದಲಾಯಿಸಿಕೊಂಡವರ ಯುಗವೂ ಆಗಿಹೋಯಿತು. ಈಗ ಸ್ಕೋರು. ಕ್ರಿಕೆಟ್ಟಿನ ಸ್ಕೋರೆಂದು ಭಾವಿಸಿ ಕಿವಿಗೊಟ್ಟರೆ ಮೋಸ ಹೋಗುತ್ತೀರಿ, ಇದು ಹೃದಯದ್ದು.

“ನಿಮ್ದೆಷ್ಟು ಬಂತು ರಾಯ್ರೆ?”

“ನೂರ ಎಂಬತ್ನಾಲ್ಕು.”

“ಪರವಾಗಿಲ್ಲ ಬಿಡಿ. ನಮ್ಮ ಭಾವಮೈದುನಂದು ಆರುನೂರ ನಲವತ್ತು.”

ಭಾವಮೈದುನನ ಅಂಕಿ ಹೇಳುವವರ ದನಿಯಲ್ಲಿ ಮರುಕಕ್ಕಿಂತ ಮನೆತನದ ಹೆಮ್ಮೆಯೇ ಒಂದು ತೂಕ ಹೆಚ್ಚು. ಸೊನ್ನೆ ಬಂದವರಂತೂ ಯಾರಾದರೂ ಕೇಳಲಿ ಎಂದು ಕಾಯುವುದೇ ಇಲ್ಲ. ಕೇಳದಿದ್ದರೂ ಹೇಳುತ್ತಾರೆ, ಹೇಳಿದವರಿಗೇ ಮತ್ತೆ ಹೇಳುತ್ತಾರೆ, ರಿಪೋರ್ಟಿನ ಫೋಟೊವನ್ನು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿ ಕೈಜೋಡಿಸಿದ ಚಿತ್ರಗಳಿಗಾಗಿ ಕಾಯುತ್ತಾರೆ. ಗಣಿತದಲ್ಲಿ ಸೊನ್ನೆ ತಂದು ಮೇಷ್ಟರಿಂದ ಬೆತ್ತದ ಏಟು ತಿಂದ ತಲೆಮಾರು ಇದು. ಅರವತ್ತರ ಹೊಸ್ತಿಲಲ್ಲಿ ಅದೇ ಸೊನ್ನೆಗೆ ಮೈಸೂರುಪಾಕು ಹಂಚುವ ಯೋಗ ಬಂದಿದೆ.

ಪರೀಕ್ಷೆಯ ಹೆಸರು ಕೊರೊನರಿ ಕ್ಯಾಲ್ಸಿಯಂ ಸ್ಕೋರ್. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳ ಗೋಡೆಯೊಳಗೆ ಕೊಬ್ಬು ಸೇರಿ, ಉರಿಯೂತವಾಗಿ, ವರ್ಷಗಳು ಕಳೆದ ಮೇಲೆ ಅಲ್ಲಲ್ಲಿ ಸುಣ್ಣ ಕಟ್ಟುತ್ತದೆ. ಸಿಟಿ ಯಂತ್ರದ ಚಿತ್ರದಲ್ಲಿ ಆ ಸುಣ್ಣ ಬೆಳ್ಳಗೆ ಕಾಣುತ್ತದೆ. ಅಮೆರಿಕದ ಮಯಾಮಿಯಲ್ಲಿದ್ದ ಆರ್ಥರ್ ಅಗಾಟ್‌ಸ್ಟನ್ ಎಂಬ ಹೃದ್ರೋಗ ತಜ್ಞ ಮತ್ತು ಸಂಗಡಿಗರು ಅದನ್ನು ಲೆಕ್ಕಕ್ಕೆ ಇಳಿಸುವ ಬಗೆಯನ್ನು 1990ರಲ್ಲಿ ಪ್ರಕಟಿಸಿದರು. ಸಾಂದ್ರತೆಯಲ್ಲಿ 130 ಹೌನ್ಸ್‌ಫೀಲ್ಡ್ ದಾಟಿದ ಪ್ರತಿ ಚುಕ್ಕೆಯ ವಿಸ್ತೀರ್ಣ ಅಳೆಯಬೇಕು, ಅದರ ಗಟ್ಟಿತನಕ್ಕೆ ತಕ್ಕಂತೆ 1ರಿಂದ 4ರವರೆಗಿನ ಒಂದು ಅಂಕಿಯಿಂದ ಗುಣಿಸಬೇಕು, ಎಲ್ಲವನ್ನೂ ಕೂಡಬೇಕು. ಸೊನ್ನೆ ಬಂದರೆ ಸುಣ್ಣವಿಲ್ಲ. ನೂರು ದಾಟಿದರೆ ಯೋಚಿಸಬೇಕಾದ್ದು, ನಾನ್ನೂರು ದಾಟಿದರೆ ಜಾಸ್ತಿಯೇ ಆಯಿತು. ಸೂಜಿಯಿಲ್ಲ, ಬಣ್ಣದ ದ್ರವವಿಲ್ಲ. ಮಲಗಿ ಉಸಿರು ಬಿಗಿಹಿಡಿದು ಬಿಟ್ಟರೆ ಮುಗಿಯಿತು. ಇಷ್ಟು ಸುಲಭದಲ್ಲಿ ಮುಗಿಯುವ, ಇಷ್ಟು ದಿನ ಮಾತಾಡಬಹುದಾದ ಪರೀಕ್ಷೆ ಬೇರೊಂದಿಲ್ಲ.

ಅಗಾಟ್‌ಸ್ಟನ್ ಅಂಕಿ ಕಂಡುಹಿಡಿದು ಸುಮ್ಮನೆ ಕೂರಲಿಲ್ಲ. ಏನು ತಿನ್ನಬೇಕು, ಏನು ತಿನ್ನಬಾರದು ಎಂದು ‘ದಿ ಸೌತ್ ಬೀಚ್ ಡಯೆಟ್’ ಎಂಬ ಪುಸ್ತಕ ಬರೆದರು. 2003ರಲ್ಲಿ ಬಂದ ಆ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಸುಣ್ಣವನ್ನು ದಿನವೂ ಕಣ್ಣಾರೆ ಕಂಡ ಮನುಷ್ಯ ಕೊನೆಗೆ ಬಂದು ನಿಂತದ್ದು ಊಟದ ತಟ್ಟೆಯ ಮುಂದೆ. ನಾವು ಅವರ ಅಂಕಿಯನ್ನು ಆಮದು ಮಾಡಿಕೊಂಡೆವು. ಪುಸ್ತಕ ಕಸ್ಟಮ್ಸಿನಲ್ಲೇ ಉಳಿಯಿತು.

ಬದಲಿಗೆ ನಮ್ಮಲ್ಲಿ ಆದದ್ದು ಬೇರೆ ಬಗೆಯ ಪಥ್ಯ. ಒಂದು ಮನೆಯಲ್ಲಿ ಯಜಮಾನರ ಸ್ಕೋರು ಇನ್ನೂರು ದಾಟಿತು. ಕ್ಯಾಲ್ಸಿಯಂ ಹೆಚ್ಚಾಗಿದೆ ಎಂದ ಮೇಲೆ ಕ್ಯಾಲ್ಸಿಯಂ ಕಡಿಮೆ ಮಾಡಬೇಕಲ್ಲವೇ? ಮನೆಯ ಆರೋಗ್ಯ ಮಂತ್ರಿಗಳು ಮಾರನೆಯ ದಿನವೇ ರಾಗಿಮುದ್ದೆ ನಿಲ್ಲಿಸಿದರು, ಹಾಲು ನಿಲ್ಲಿಸಿದರು, ಮೊಸರಿನ ಮೇಲೆ ನಿರ್ಬಂಧ ಹೇರಿದರು. ಎಲೆ ಅಡಿಕೆಗೆ ಹಚ್ಚುವ ಸುಣ್ಣದ ಡಬ್ಬಿ ಕಸದ ಗಾಡಿ ಹತ್ತಿತು. ಕುಡಿಯುವ ಹಾಲಿಗೂ ನಾಳದ ಗೋಡೆಯ ಸುಣ್ಣಕ್ಕೂ ಹೀಗೆ ನೇರ ನೆಂಟಸ್ತಿಕೆ ಇಲ್ಲ ಎಂದು ಅವರಿಗೆ ಹೇಳುವವರಿರಲಿಲ್ಲ. ಹೊಗೆಸೊಪ್ಪು ಮಾತ್ರ ಉಳಿಯಿತು. ಅದರಲ್ಲಿ ಕ್ಯಾಲ್ಸಿಯಂ ಇಲ್ಲವಲ್ಲ!

ಈ ಸ್ಕ್ಯಾನು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ಕೆಲಸ ಒಂದೇ ಒಂದು, ಮತ್ತು ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ವಯಸ್ಸು, ಬಿಪಿ, ಕೊಲೆಸ್ಟ್ರಾಲು, ಬೀಡಿ ಸಿಗರೇಟು ಎಲ್ಲ ಕೂಡಿಸಿ ನೋಡಿದರೂ ಈ ಮನುಷ್ಯನಿಗೆ ಕೊಲೆಸ್ಟ್ರಾಲು ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡಬೇಕೋ ಬೇಡವೋ ಎಂದು ವೈದ್ಯರಿಗೆ ತೀರ್ಮಾನವಾಗದೆ ನಿಂತಾಗ, ತಕ್ಕಡಿಯನ್ನು ಒಂದು ಕಡೆಗೆ ವಾಲಿಸುವುದು. ಅಮೆರಿಕದ ಹೃದಯ ಸಂಘಗಳ 2018ರ ಮಾರ್ಗಸೂಚಿ ಹೇಳಿದ್ದೂ ಇಷ್ಟೇ: ನೂರು ದಾಟಿದ್ದರೆ ಮಾತ್ರೆ ಶುರು ಮಾಡಿ, ಸೊನ್ನೆಯಿದ್ದರೆ ಸದ್ಯಕ್ಕೆ ತಡೆಯಬಹುದು, ಆದರೆ ಧೂಮಪಾನಿಗೆ, ಸಕ್ಕರೆ ಕಾಯಿಲೆಯವನಿಗೆ, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡವನಿಗೆ ಈ ರಿಯಾಯಿತಿ ಇಲ್ಲ. ಅದೇ ವರ್ಷ ಅಮೆರಿಕದ ಸೇನೆಯ ವಾಲ್ಟರ್ ರೀಡ್ ಆಸ್ಪತ್ರೆಯವರು 13,644 ಮಂದಿಯ ದಾಖಲೆ ಕೆದಕಿ ನೋಡಿದರು. ಸ್ಟ್ಯಾಟಿನ್ನಿನ ಲಾಭ ಕಂಡದ್ದು ಸುಣ್ಣ ಇದ್ದವರಲ್ಲಿ, ಅದರಲ್ಲೂ ನೂರರ ಮೇಲಿನವರಲ್ಲಿ. ಸೊನ್ನೆಯವರಲ್ಲಿ ಲಾಭ ಕಾಣಲಿಲ್ಲ.

ಅಂದರೆ ಈ ಸ್ಕ್ಯಾನು ಒಂದು ಪ್ರಶ್ನೆಗೆ ಉತ್ತರ: ಮಾತ್ರೆ ನುಂಗಲೋ, ಬೇಡವೋ? ನಮ್ಮ ಊರಿನಲ್ಲಿ ಆ ಪ್ರಶ್ನೆ ಒಂದನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ಅದನ್ನು ಬಳಸುತ್ತಾರೆ.

ಮೊದಲು, ಅದು ಉಡುಗೊರೆ. ಅಪ್ಪಂದಿರ ದಿನ ಬಂದರೆ ಫೋನಿಗೆ ಸಂದೇಶ ಬರುತ್ತದೆ: ‘ನಿಮ್ಮ ತಂದೆಯ ಹೃದಯ ನಿಮಗೆ ಅಮೂಲ್ಯವಲ್ಲವೇ?’ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಪ್ಯಾಕೇಜುಗಳಿವೆ. ಸಿಲ್ವರಿನಲ್ಲಿ ಬರೀ ಇಸಿಜಿ. ಗೋಲ್ಡಿನಲ್ಲಿ ಎಕೋ ಮತ್ತು ಟ್ರೆಡ್‌ಮಿಲ್. ಪ್ಲಾಟಿನಮ್ಮಿಗೆ ಸ್ಕ್ಯಾನು, ಜೊತೆಗೆ ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಇಡ್ಲಿ ವಡೆ ಉಚಿತ. ಅಕ್ಷಯ ತೃತೀಯದ ದಿನ ರಿಯಾಯಿತಿ ಬರುವುದೊಂದು ಬಾಕಿ. ಮಗಳು ಬುಕ್ ಮಾಡುತ್ತಾಳೆ, ಅಪ್ಪ ಹೋಗಿ ಮಲಗುತ್ತಾರೆ. ಈ ಅಪ್ಪನಿಗೆ ಆಗಲೇ ಎರಡು ಸ್ಟೆಂಟ್ ಬಿದ್ದು ಎಷ್ಟೋ ವರ್ಷವಾಗಿದೆ, ಮಾತ್ರೆ ಬೇಕೋ ಬೇಡವೋ ಎಂಬ ಪ್ರಶ್ನೆ ಅಂದೇ ಮುಗಿದಿದೆ ಎನ್ನುವುದನ್ನು ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಪ್ಲಾಟಿನಂ ಹೋಗಿ ಸಿಲ್ವರ್ ಆದೀತು.

ಇತ್ತ ಐಟಿ ಕಂಪನಿಗಳು ಇಪ್ಪತ್ತೇಳರ ಹುಡುಗರನ್ನು ಸಾಲಾಗಿ ಕಳಿಸುತ್ತವೆ. ಇಪ್ಪತ್ತೇಳರಲ್ಲಿ ಸೊನ್ನೆ ಬಾರದೆ ಇನ್ನೇನು ಬರಬೇಕು? ಸುಣ್ಣ ಕಟ್ಟಲು ವರ್ಷಗಳು ಬೇಕು. ಕೊಬ್ಬಿಗೆ ಅಷ್ಟು ತಾಳ್ಮೆ ಇಲ್ಲ. ಎಳೆಯ ನಾಳದಲ್ಲಿ ಕೂತ ಮೆತ್ತಗಿನ ಜಿಡ್ಡು ಈ ಸ್ಕ್ಯಾನಿಗೆ ಕಾಣುವುದೇ ಇಲ್ಲ. ಒಡೆದು, ಮೇಲೆ ರಕ್ತ ಹೆಪ್ಪುಗಟ್ಟಿ, ಹುಡುಗನನ್ನು ಮಲಗಿಸುವ ಶಕ್ತಿ ಆ ಮೆತ್ತಗಿನ ಜಿಡ್ಡಿಗೂ ಇದೆ. ಆದರೆ ಹುಡುಗ ಸೊನ್ನೆಯ ಕಾಗದ ಹಿಡಿದು ಹೊರಗೆ ಬಂದು, ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ನೆಮ್ಮದಿಯಿಂದ ಒಂದು ಸಿಗರೇಟು ಹಚ್ಚುತ್ತಾನೆ. ಮೊದಲು ಭಯದಿಂದ ಸೇದುತ್ತಿದ್ದ, ಈಗ ಸರ್ಟಿಫಿಕೇಟು ಇಟ್ಟುಕೊಂಡು ಸೇದುತ್ತಾನೆ.

ನಮ್ಮವರಿಗೆ ಈ ರೋಗ ಬೇಗ ಬರುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾ ಸೇರಿದ ಡಾ. ಸಲೀಂ ಯೂಸುಫ್, 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಮುಂದಾಳು. 2004ರಲ್ಲಿ ಅದು ಹೇಳಿತು: ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಒಂಬತ್ತೇ ಕಾರಣಗಳು ವಿವರಿಸುತ್ತವೆ. ತಂಬಾಕು, ಕೊಬ್ಬಿನ ಏರುಪೇರು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ತರಕಾರಿ ಹಣ್ಣಿನ ಕೊರತೆ, ಮೈ ಬಗ್ಗಿಸದಿರುವುದು, ಮದ್ಯದ ಲೆಕ್ಕ. ದಕ್ಷಿಣ ಏಷ್ಯಾದವರಿಗೆ ಆ ಮೊದಲ ಏಟು ಬೀಳುವ ನಡುವಯಸ್ಸು 53. ಉಳಿದವರಿಗಿಂತ ಐದಾರು ವರ್ಷ ಮೊದಲು. ಈ ಒಂಬತ್ತರಲ್ಲಿ ಒಂದನ್ನೂ ತಿಳಿಯಲು ಸಿಟಿ ಯಂತ್ರ ಬೇಕಿಲ್ಲ. ಬಿಪಿ ಪಟ್ಟಿ, ಒಂದು ಹನಿ ರಕ್ತ, ದರ್ಜಿಯ ಟೇಪು, ಮತ್ತು ಸುಳ್ಳು ಹೇಳದ ಹೆಂಡತಿ ಇದ್ದರೆ ಸಾಕು. ಇವುಗಳಲ್ಲಿ ಯಾವುದಕ್ಕೂ ಪ್ಲಾಟಿನಂ ದರ ಹಾಕಲು ಬರುವುದಿಲ್ಲ ಎನ್ನುವುದೇ ಇವುಗಳ ದೊಡ್ಡ ದೋಷ.

ಈಗ ನೂರ ಎಂಬತ್ನಾಲ್ಕರ ರಾಯರ ವಿಚಾರಕ್ಕೆ ಬರೋಣ. ಇಡೀ ಊರಿನಲ್ಲಿ ಈ ಸ್ಕ್ಯಾನು ಯಾರಿಗಾದರೂ ಸರಿಯಾಗಿ ಸಲ್ಲಬೇಕಾಗಿದ್ದರೆ ಅದು ರಾಯರಿಗೆ. ವಯಸ್ಸು ಐವತ್ತೆಂಟು, ಬಿಪಿ ಗಡಿಯಲ್ಲಿ, ಕೊಲೆಸ್ಟ್ರಾಲು ಗಡಿಯಲ್ಲಿ, ಸಿಗರೇಟಿಲ್ಲ, ಸಕ್ಕರೆಯಿಲ್ಲ. ವೈದ್ಯರು ಸ್ಕ್ಯಾನು ನೋಡಿದರು, ಅಂಕಿ ನೋಡಿದರು, ಅಟೋರ್ವಾಸ್ಟ್ಯಾಟಿನ್ ಬರೆದರು. ಹೊರಗೆ ಇನ್ನೂ ಮೂವತ್ತು ಟೋಕನ್ ಕಾಯುತ್ತಿದ್ದವು, ಮಾತು ಅಲ್ಲಿಗೆ ಮುಗಿಯಿತು. ವಿಜ್ಞಾನ ತನ್ನ ಕೆಲಸ ಮಾಡಿತ್ತು. ಉಳಿದದ್ದು ದಿನಕ್ಕೆ ಒಂದು ಗುಳಿಗೆ, ಜನೌಷಧಿ ಅಂಗಡಿಯಲ್ಲಿ ಕೊಂಡರೆ ದರ್ಶಿನಿಯ ಅರ್ಧ ಕಾಫಿಗೂ ಕಡಿಮೆ ಖರ್ಚು.

ರಾಯರು ಮನೆಗೆ ಬಂದರು. ಸಭೆ ಸೇರಿತು.

“ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ಬಿಡೋ ಹಾಗಿಲ್ವಂತೆ ಕಣ್ರೀ” ಎಂದರು ಮನೆಯಾಕೆ. ರಾಯರು ಎಂಟನೇ ವಯಸ್ಸಿಗೆ ಶುರು ಮಾಡಿದ ಕಾಫಿಯನ್ನು ಈವರೆಗೆ ಬಿಟ್ಟಿಲ್ಲ. ಬೆಳಗಿನ ಪೇಪರು, ಸಂಜೆಯ ಧಾರಾವಾಹಿ, ರಾತ್ರಿಯ ಮಜ್ಜಿಗೆ ಅನ್ನ, ಯಾವುದನ್ನೂ ಬಿಟ್ಟಿಲ್ಲ. ಜೀವನಪೂರ್ತಿ ಎಂಬ ಮಾತು ಭಯ ಹುಟ್ಟಿಸುವುದು ಅದು ಜೀವ ಉಳಿಸುವ ವಸ್ತುವಿಗೆ ಅಂಟಿದಾಗ ಮಾತ್ರ.

ತಂಗಿಯ ಗಂಡ ಫೋನು ಮಾಡಿ, ಸ್ಟ್ಯಾಟಿನ್ ಲಿವರ್ ತಿಂದುಹಾಕುತ್ತದೆ ಎಂದರು. ಇವರು ವಾರಕ್ಕೆ ಮೂರು ದಿನ ತಮ್ಮ ಲಿವರನ್ನು ತಾವೇ ತಿನ್ನುವ ಏರ್ಪಾಡು ಮಾಡಿಕೊಂಡಿರುವವರು. ಎದುರು ಮನೆಯವರು ನೆನಪಿನ ಶಕ್ತಿ ಹೋಗುತ್ತದೆ ಎಂದರು, ಇದನ್ನು ಅವರು ಅದೇ ದಿನ ಎರಡನೇ ಬಾರಿ ಹೇಳುತ್ತಿದ್ದರು. ಸಭೆಯ ಕೊನೆಗೆ ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಮತ್ತು ಜೇನು ಕುದಿಸಿದ ಕಷಾಯಕ್ಕೆ ಸರ್ವಾನುಮತ ಬಂತು. ಕಾರಣ ಒಂದೇ: ಅದು ಪ್ರಕೃತಿದತ್ತ.

ಪ್ರಕೃತಿದತ್ತವೇ ಬೇಕೆಂದರೆ ಒಂದು ಕತೆ ಇದೆ. ಜಪಾನಿನ ಅಕಿರಾ ಎಂಡೊ ಎಂಬ ಜೀವರಸಾಯನ ವಿಜ್ಞಾನಿ 1970ರ ದಶಕದ ಮೊದಲಲ್ಲಿ ಸುಮಾರು ಆರು ಸಾವಿರ ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ದೇಹದಲ್ಲಿ ಕೊಲೆಸ್ಟ್ರಾಲು ತಯಾರಾಗುವುದನ್ನು ತಡೆಯುವ ವಸ್ತು ಅವರಿಗೆ ಕೊನೆಗೂ ಸಿಕ್ಕಿದ್ದು ಅಕ್ಕಿಯ ಮೇಲೆ ಬೆಳೆದ ನೀಲಿ ಹಸಿರು ಬೂಷ್ಟಿನಲ್ಲಿ. ಸ್ಟ್ಯಾಟಿನ್ ಕುಲದ ಮೂಲಪುರುಷ ಆ ಬೂಷ್ಟು. ಇದಕ್ಕಿಂತ ಪ್ರಕೃತಿದತ್ತ ಇನ್ನೇನು ಬೇಕು? ಎಂಡೊ 2024ರಲ್ಲಿ ತೀರಿಕೊಂಡರು. ಅವರು ಮಾಡಿದ ಒಂದೇ ತಪ್ಪೆಂದರೆ ಆ ಬೂಷ್ಟನ್ನು ಶೀಷೆಗೆ ತುಂಬಿ, ಮೇಲೆ ಒಬ್ಬ ಋಷಿಯ ಚಿತ್ರ ಅಂಟಿಸಿ ಮಾರದೇ ಇದ್ದದ್ದು.

ಎರಡು ತಿಂಗಳು ಕಷಾಯ ಕುಡಿದು ಹೊಟ್ಟೆ ಉರಿ ಹಿಡಿದ ಮೇಲೆ ರಾಯರು ಮಾತ್ರೆಗೆ ಮರಳಿದರು. ಮೂರನೇ ದಿನಕ್ಕೆ ಮೀನಖಂಡ ನೋಯತೊಡಗಿತು. ಪೊಟ್ಟಣದ ಚೀಟಿಯಲ್ಲಿ ಸ್ನಾಯು ನೋವು ಎಂದು ಬರೆದಿದ್ದನ್ನು ಅವರು ಎರಡನೇ ದಿನ ಓದಿದ್ದರು. ಸ್ಟ್ಯಾಟಿನ್ನಿನಿಂದ ನಿಜವಾಗಿಯೂ ಸ್ನಾಯು ತೊಂದರೆ ಆಗುವವರಿದ್ದಾರೆ. ಸಕ್ಕರೆ ತುಸು ಏರುವುದೂ ಉಂಟು. ಅಂಥವರಿಗೆ ಪ್ರಮಾಣ ಇಳಿಸುವ, ಬೇರೆ ಮಾತ್ರೆ ಕೊಡುವ ದಾರಿ ವೈದ್ಯರಿಗೆ ಗೊತ್ತು. ಆದರೆ ಲಂಡನ್ನಿನವರು 2020ರಲ್ಲಿ ಒಂದು ಚೇಷ್ಟೆಯ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನೋವು ತಾಳಲಾರದೆ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಒಂದು ವರ್ಷದ ಶೀಷೆಗಳನ್ನು ಕೊಟ್ಟರು: ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ಔಷಧವಿಲ್ಲದ ಹುಸಿ ಮಾತ್ರೆ, ನಾಲ್ಕು ಖಾಲಿ. ಯಾವ ತಿಂಗಳು ನಿಜ, ಯಾವ ತಿಂಗಳು ಹುಸಿ ಎಂದು ಹೇಳಲಿಲ್ಲ. ನಿಜ ಮಾತ್ರೆ ಕೊಟ್ಟ ಕಷ್ಟದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಹುಸಿ ಮಾತ್ರೆಯೂ ಕೊಟ್ಟಿತ್ತು. ನೋವು ಸುಳ್ಳಲ್ಲ, ಪಾಪ. ನೋವಿನ ವಿಳಾಸ ಮಾತ್ರ ತಪ್ಪಾಗಿತ್ತು.

ರಾಯರು ರಾಜಿಗೆ ಬಂದರು. ದಿನ ಬಿಟ್ಟು ದಿನ ನುಂಗಿದರು, ಆಮೇಲೆ ಏಕಾದಶಿಗೆ ಏಕಾದಶಿ. ರಕ್ತ ಪರೀಕ್ಷೆಗೆ ಒಂದು ವಾರ ಮುಂಚೆ ಮಾತ್ರ ತಪ್ಪದೆ ನುಂಗಿ, ವೈದ್ಯರ ಕಣ್ಣಿಗೆ ಮಣ್ಣೆರಚಿದ ಖುಷಿಯಲ್ಲಿ ಫಿಲ್ಟರ್ ಕಾಫಿ ಕುಡಿದರು. ವರ್ಷ ಕಳೆಯಿತು. ಮಾತ್ರೆ ಕೆಲಸ ಮಾಡಿದೆಯೋ ಇಲ್ಲವೋ ನೋಡೋಣ ಎಂದು ತಾವೇ ಹೋಗಿ ಮತ್ತೆ ಸ್ಕ್ಯಾನು ಮಾಡಿಸಿದರು. ಇನ್ನೂರ ಮೂವತ್ತೊಂದು! ಸರಿಯಾಗಿ ಸ್ಟ್ಯಾಟಿನ್ ನುಂಗಿದವರಲ್ಲೂ ಈ ಅಂಕಿ ಏರಬಹುದು. ಮೆತ್ತಗಿನ ಜಿಡ್ಡನ್ನು ಮಾತ್ರೆ ಗಟ್ಟಿ ಮಾಡುತ್ತದೆ, ಗಟ್ಟಿಯಾದದ್ದು ಒಡೆಯುವ ಸಾಧ್ಯತೆ ಕಡಿಮೆ. ಹಾಗಾಗಿ ಮಾತ್ರೆಯ ಗುಣ ಅಳೆಯಲು ಈ ಸ್ಕ್ಯಾನನ್ನು ಮತ್ತೆ ಮತ್ತೆ ಮಾಡಿಸುವುದರಲ್ಲಿ ಅರ್ಥವಿಲ್ಲ. ರಾಯರ ವಿಷಯದಲ್ಲಿ ಈ ವಿವರಣೆಯೂ ಬೇಕಿರಲಿಲ್ಲ, ಅವರು ನುಂಗಿದ್ದರೆ ತಾನೆ? “ನೋಡಿದ್ರಾ, ನಾನಾಗ್ಲೇ ಹೇಳಿದ್ದೆ, ಈ ಇಂಗ್ಲಿಷ್ ಔಷಧಿ ಎಲ್ಲ ಮೋಸ” ಎಂದು ಪಾರ್ಕಿನಲ್ಲಿ ಸಾರಿದರು. ನುಂಗದ ಮಾತ್ರೆಗೆ ಇಷ್ಟು ಅಡ್ಡಪರಿಣಾಮ ಬೇರೆ ಯಾವ ದೇಶದಲ್ಲೂ ದಾಖಲಾಗಿರಲಾರದು.

ಸ್ಕಾಟ್ಲೆಂಡಿನಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಎಡಿನ್‌ಬರೋದ ವೈದ್ಯರು ಎದೆನೋವೆಂದು ಬಂದ 4,146 ಮಂದಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ ಸಿಟಿ ಆಂಜಿಯೋಗ್ರಾಂ, ಅಂದರೆ ಬಣ್ಣದ ದ್ರವ ಹರಿಸಿ ನಾಳದ ಒಳಹೊರಗು ತೋರಿಸುವ ದೊಡ್ಡ ಸ್ಕ್ಯಾನು. ಐದು ವರ್ಷದ ಲೆಕ್ಕ 2018ರಲ್ಲಿ ಬಂತು: ಹೃದಯಾಘಾತ ಅಥವಾ ಹೃದ್ರೋಗದ ಸಾವು ಮೊದಲ ಪಾಲಿನಲ್ಲಿ ಶೇಕಡ 3.9, ಸ್ಕ್ಯಾನಿನ ಪಾಲಿನಲ್ಲಿ 2.3. ಹತ್ತು ವರ್ಷದ ಲೆಕ್ಕ 2025ರಲ್ಲಿ ಬಂತು: 8.2 ಮತ್ತು 6.6. ಸ್ಕ್ಯಾನಾದವರಿಗೆ ಹೆಚ್ಚು ಸ್ಟೆಂಟ್ ಹಾಕಿದ್ದರೇ? ಐದು ವರ್ಷ ಮುಗಿಯುವ ಹೊತ್ತಿಗೆ ಎರಡೂ ಕಡೆ ಸ್ಟೆಂಟು, ಬೈಪಾಸುಗಳ ಲೆಕ್ಕ ಹೆಚ್ಚುಕಡಿಮೆ ಒಂದೇ ಇತ್ತು. ಬೇರೆಯಾಗಿದ್ದದ್ದು ಸ್ಟ್ಯಾಟಿನ್ ಮತ್ತು ಆಸ್ಪಿರಿನ್. ತನ್ನದೇ ನಾಳದ ಚಿತ್ರ ನೋಡಿದ ಮನುಷ್ಯ ಮಾತ್ರೆ ನುಂಗಿದ, ವೈದ್ಯರೂ ಧೈರ್ಯವಾಗಿ ಬರೆದರು. ಅಷ್ಟೇ ಗುಟ್ಟು. ಇನ್ನು ಎದೆನೋವೇ ಇಲ್ಲದವರನ್ನು ಕರೆಕರೆದು ಸ್ಕ್ಯಾನು ಮಾಡಿದರೆ? ಡೆನ್ಮಾರ್ಕಿನವರು 65ರಿಂದ 74 ವಯಸ್ಸಿನ 46 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಅದನ್ನೂ ನೋಡಿದರು. ಕರೆ ಹೋದ ಪಾಲಿನಲ್ಲಿ ಐದಾರು ವರ್ಷದಲ್ಲಿ ಸತ್ತವರು ಶೇಕಡ 12.6, ಉಳಿದವರಲ್ಲಿ 13.1. ಎದೆ ತಟ್ಟಿ ಹೇಳಿಕೊಳ್ಳುವಷ್ಟು ಅಂತರವಲ್ಲ ಎಂದು 2022ರಲ್ಲಿ ಅವರೇ ಬರೆದುಕೊಂಡರು. ಈ ಮಾತು ಮಾತ್ರ ಯಾವ ಪ್ಯಾಕೇಜಿನ ಕರಪತ್ರದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆರುನೂರ ನಲವತ್ತರ ಭಾವಮೈದುನ ಎಲ್ಲಿ ಹೋದರು? ಕ್ಯಾಥ್‌ಲ್ಯಾಬಿಗೆ. ಅವರಿಗೆ ಎದೆನೋವು ಇರಲಿಲ್ಲ. ಹೋದ ಆಷಾಢದ ಶುಕ್ರವಾರವಷ್ಟೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಮೇಲೆ ಹೋಗಿ ಪ್ರಸಾದಕ್ಕೆ ಜಗಳವಾಡಿ ಬಂದಿದ್ದರು. ಆದರೆ ನ್ಯೂಜೆರ್ಸಿಯಿಂದ ಮಗ ವಿಡಿಯೋ ಕರೆಯಲ್ಲಿ ಬಂದ. ರಿಪೋರ್ಟು ನೋಡಿದ. “ಅಪ್ಪಾ, ದುಡ್ಡಿನ ಯೋಚನೆ ಮಾಡ್ಬೇಡಿ, ಇಮ್ಮೀಡಿಯೆಟ್ ಆಗಿ ಫಿಕ್ಸ್ ಮಾಡಿಸ್ಬಿಡಿ” ಎಂದ. ಮಗ ದೂರವಿದ್ದಷ್ಟೂ ಚಿಕಿತ್ಸೆ ದೊಡ್ಡದಾಗುತ್ತದೆ. ಇದನ್ನು ಎಲ್ಲ ಆಸ್ಪತ್ರೆಗಳ ಬಿಲ್ಲಿಂಗ್ ವಿಭಾಗವೂ ಬಲ್ಲದು. ಆಂಜಿಯೋ ಆಯಿತು. ಎಪ್ಪತ್ತು ಪರ್ಸೆಂಟ್ ಎಂದರು. ಪರ್ಸೆಂಟ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮಧ್ಯಮ ವರ್ಗದಲ್ಲಿ ಚರ್ಚೆಗೆ ಜಾಗವಿಲ್ಲ. ಸ್ಟೆಂಟ್ ಬಿತ್ತು.

ಹೃದಯಾಘಾತ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಎದೆನೋವಿನಿಂದ ನಡೆಯಲಾರದವನಿಗೆ ಅದು ಆರಾಮ ಕೊಡುತ್ತದೆ. ಆದರೆ ರೋಗ ಒಂದು ಸ್ಥಿತಿಯಲ್ಲಿ ನಿಂತಿರುವವರಲ್ಲಿ, ಒಳ್ಳೆಯ ಔಷಧದ ಜೊತೆಗೆ ಸ್ಟೆಂಟನ್ನೂ ಹಾಕಿದರೆ ಸಾವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ ಎಂದು 2007ರಲ್ಲಿ 2,287 ಮಂದಿಯ ಕರೇಜ್ ಪ್ರಯೋಗ ಹೇಳಿತು. 2020ರಲ್ಲಿ ಪ್ರಕಟವಾದ 5,179 ಮಂದಿಯ ಇಸ್ಕೀಮಿಯಾ ಪ್ರಯೋಗ ಮೊದಲು ಆಂಜಿಯೋ ಮಾಡಿ ಸ್ಟೆಂಟು, ಬೈಪಾಸಿಗೆ ಹೋದವರನ್ನೂ ಮೊದಲು ಔಷಧ ಹಿಡಿದವರನ್ನೂ ಹೋಲಿಸಿ ಹೆಚ್ಚುಕಡಿಮೆ ಅದನ್ನೇ ಹೇಳಿತು. ಇಸ್ಕೀಮಿಯಾದಲ್ಲಿ ಭಾರತದ ರೋಗಿಗಳೂ ಇದ್ದರು, ಹೊರದೇಶದ ಲೆಕ್ಕ ನಮಗೆ ಬೇಡ ಎನ್ನುವಂತಿಲ್ಲ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಲಕ್ಷದ ಮೇಲೆ ಮಾರುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು, ಒಳ್ಳೆಯ ಕೆಲಸ. ಬಿಲ್ಲಿನ ಉಳಿದ ಸಾಲುಗಳಿಗೆ ಮಿತಿ ಹಾಕಿದವರಿಲ್ಲ. ಭಾವಮೈದುನರಿಗಂತೂ ಒಂದು ಲಾಭವಾಯಿತು: ಸ್ಟೆಂಟ್ ಬಿದ್ದ ಮೇಲೆ ಎಲ್ಲ ಸರಿಯಾಯಿತೆಂದು ಆರು ತಿಂಗಳಿಗೆ ಮಾತ್ರೆ ಬಿಟ್ಟರು. ನಿಜಕ್ಕೂ ರೋಗ ತಡೆಯುವ ವಸ್ತು ಅದೊಂದೇ ಆಗಿತ್ತು.

2025ರ ಜೂನ್, ಜುಲೈ ನೆನಪಿರಬೇಕು. ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸಾಯುತ್ತಿದ್ದಾರೆ ಎಂಬ ಸುದ್ದಿ ದಿನವೂ ಟಿವಿಯಲ್ಲಿ ಕೆಂಪು ಅಕ್ಷರದಲ್ಲಿ ಓಡಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮುಂಚೆ ಸಾಲು ನಿಂತಿತು. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ನಲವತ್ತಾರಕ್ಕೇ ಹೋದಾಗಲೂ ಇಂಥದೇ ಸಾಲು ನಿಂತಿತ್ತು. ಸಾಲಿನಲ್ಲಿ ನಿಂತವರನ್ನು ನೋಡಿ ನಗುವುದು ತಪ್ಪು, ಭಯಕ್ಕೆ ಆಧಾರವಿತ್ತು. ನಗು ಬರುವುದು ಟಿವಿಯವರನ್ನೂ ಮುಖಂಡರನ್ನೂ ನೋಡಿ. ಹಾಸನದ ಸಾವುಗಳಿಗೆ ಮುಖ್ಯಮಂತ್ರಿಗಳೇ ಕೋವಿಡ್ ಲಸಿಕೆಯ ಮೇಲೆ ಬೆರಳು ತೋರಿಸಿದರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹುಡುಕಿ ನೋಡಿದಾಗ ಲಸಿಕೆಯ ನಂಟು ಸಿಗಲಿಲ್ಲ. ಸಿಕ್ಕವರು ಹಳೆಯ ಪರಿಚಿತರೇ: ಬಿಪಿ, ಸಕ್ಕರೆ, ಕೊಲೆಸ್ಟ್ರಾಲು, ತಂಬಾಕು, ವಂಶದ ಬಳುವಳಿ. ಕೆಂಪು ಅಕ್ಷರದಲ್ಲಿ ಓಡಿಸಲು ಇವರಲ್ಲಿ ಯಾರಿಗೂ ಯೋಗ್ಯತೆ ಇರಲಿಲ್ಲ. ಕ್ಯಾಮೆರಾ ಮುಂದಿನ ಸುದ್ದಿಗೆ ಹೊರಟಿತು, ಸಾಲು ಕರಗಿತು, ಬಿಪಿ ಊರಲ್ಲೇ ಉಳಿಯಿತು.

ಸರ್ಕಾರ ಕೈಕಟ್ಟಿ ಕೂತಿಲ್ಲ ಎನ್ನುವುದನ್ನೂ ಹೇಳಬೇಕು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಅದು ಏಟು ಬಿದ್ದ ಮೇಲಿನ ಮಾತು. ಏಟು ಬೀಳುವ ಮುಂಚಿನ ಮಾತು ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಬಿಪಿ ಪಟ್ಟಿ ಹಿಡಿದು ಕೂತಿರುತ್ತದೆ. ಅದರ ಮುಂದೆ ಸಾಲು ನಿಂತದ್ದನ್ನು ನಾನು ಕಂಡಿಲ್ಲ.

ಮೂರನೇ ಸ್ಕ್ಯಾನಿಗೆ ಸಜ್ಜಾಗಿ ರಾಯರು ಮೊನ್ನೆ ಆಟೊ ಹತ್ತಿದರು. ಮೀಟರ್ ಮೇಲೆ ಇಪ್ಪತ್ತು ಕೇಳಿದ್ದಕ್ಕೆ ಐದು ನಿಮಿಷ ವಾದಿಸಿ ಹತ್ತಕ್ಕೆ ಇಳಿಸಿದ್ದರು. ಚಾಲಕನಿಗೆ ನಲವತ್ತನಾಲ್ಕಿರಬಹುದು. ಕೆನ್ನೆಯಲ್ಲಿ ಗುಟ್ಕಾ, ಹೊಟ್ಟೆ ಹ್ಯಾಂಡಲ್ಲಿಗೆ ತಾಗುವಷ್ಟು. ದಿನಕ್ಕೆ ಹನ್ನೆರಡು ಗಂಟೆ ಹೊಗೆಯೊಳಗೆ. ಇಂಟರ್‌ಹಾರ್ಟಿನ ಒಂಬತ್ತರಲ್ಲಿ ಎಷ್ಟು ಅವನ ಸೀಟಿನಲ್ಲಿ ಕೂತಿದ್ದವೋ, ಎಣಿಸಿದವರಿಲ್ಲ. ರಾಯರಿಗೆ ಸಮಾಜದ ಮೇಲೆ ಕಾಳಜಿ ಹುಟ್ಟಿತು.

“ನೀನೂ ಒಂದು ಹಾರ್ಟ್ ಸ್ಕ್ಯಾನ್ ಮಾಡಿಸ್ಕೊಳ್ಳಪ್ಪ. ಈಗೆಲ್ಲ ಚಿಕ್ಕ ವಯಸ್ಸಿಗೇ ಬರತ್ತೆ.”

“ಎಷ್ಟಾಗತ್ತೆ ಸಾರ್?”

ರಾಯರು ಹೇಳಿದರು.

“ಈ ತಿಂಗಳು ಆಗಲ್ಲ ಸಾರ್. ಗಾಡಿ ಎಫ್‌ಸಿ ಮುಗಿದೈತೆ. ಅದು ಮಾಡಿಸ್ದೆ ಓಡಿಸಿದ್ರೆ ಆರ್‌ಟಿಒದವ್ರು ಹಿಡ್ಕಂಡು ದಂಡ ಹಾಕ್ತಾರೆ.”

“ಬಿಪಿ ಆದ್ರೂ ನೋಡಿಸಿದೀಯಾ?”

“ನಂಗೇನಾಗೈತೆ ಸಾರ್? ನಂಗೆ ಎಫ್‌ಸಿ ಕೇಳೋರು ಯಾರೂ ಇಲ್ವಲ್ಲ” ಎಂದು ನಕ್ಕು ಆಚೆಗೆ ಉಗಿದ.

ಸ್ಕ್ಯಾನ್ ಸೆಂಟರ್ ಬಂತು. ಮೀಟರ್ ತೊಂಬತ್ತು ತೋರಿಸಿತು. ನೂರು ಕೊಟ್ಟು ಇಳಿದ ರಾಯರು, ಒಪ್ಪಿಕೊಂಡಿದ್ದ ಆ ಹತ್ತು ರೂಪಾಯಿಯನ್ನು ವಾಪಸ್ ಕೇಳಬಹುದೇ ಎಂದು ಒಂದು ಕ್ಷಣ ಯೋಚಿಸುತ್ತ ನಿಂತರು.